‘ಹೊಡೆದಿಲ್ಲ ಮೇಡಂ, ಕುತ್ತಿಗೆಗೆ ಕೈ ಹಾಕಿದ್ದು ಅಷ್ಟೇ’

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ನನ್ನ ಬಳಿ ಸಲಹೆಗೆ ಬಂದವರೊಬ್ಬರ ಪ್ರಕರಣವನ್ನು ಬರೆಯುತ್ತಿದ್ದೇನೆ. ಬರೆಯಲು ಕಾರಣ ಮೇಲಿನ ಆ ಒಂದು ಮಾತು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಓದಿನ ಹೆಂಗಸರ ಬಾಯಲ್ಲಿ ಹೆಚ್ಚುಕಡಿಮೆ ಇದೇ ಪದಗಳಲ್ಲಿ ಅದು ಬರುತ್ತದೆ. ಕೊನೆಯಲ್ಲಿ ಆ ‘ಅಷ್ಟೇ’ ತಪ್ಪದೆ ಇರುತ್ತದೆ.

ಮೂವತ್ತರ ಆಸುಪಾಸಿನ ಮಹಿಳೆ. ಉದ್ಯೋಗವಿದೆ, ಶಾಲೆಗೆ ಹೋಗುವ ಒಂದು ಮಗುವಿದೆ. ಮೊದಲು ಬಂದಿದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಎಂದು. ಎರಡನೆಯ ಭೇಟಿಯಲ್ಲಿ ಗಂಡನೊಂದಿಗೆ ಮನಸ್ತಾಪವಿದೆ ಎಂದರು. ‘ಇಬ್ಬರನ್ನೂ ಕೂರಿಸಿ ಒಂದು ಸಲ ಬುದ್ಧಿ ಹೇಳಿ ಮೇಡಂ’ ಎಂದು ಕೇಳಿಕೊಂಡರು. ಮೊದಲ ದಿನ ತುಂಬಿದ ಫಾರಂನಲ್ಲಿ ‘ದೈಹಿಕ ಹಿಂಸೆ ಇದೆಯೇ?’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದಿದ್ದರು. ಅವರು ಸುಳ್ಳು ಬರೆದಿರಲಿಲ್ಲ, ನಮ್ಮ ಪ್ರಶ್ನೆಯೇ ಸರಿಯಿರಲಿಲ್ಲ. ಹಿಂಸೆ ಎಂದರೆ ಹೊಡೆತ, ಹೊಡೆತವೆಂದರೆ ಬಾಸುಂಡೆ ಎಂದು ಬಹುತೇಕರು ಲೆಕ್ಕ ಹಾಕುತ್ತಾರೆ.

ಆದ್ದರಿಂದ ಮೂರನೆಯ ಭೇಟಿಯಲ್ಲಿ ‘ಹಿಂಸೆ’ ಎಂಬ ಪದವನ್ನೇ ಬಿಟ್ಟು, ನಡೆದದ್ದೇನು ಎಂದು ಒಂದೊಂದಾಗಿ ಕೇಳಿದೆ. ತಳ್ಳಿದ್ದಾರೆಯೇ? ಜುಟ್ಟು ಹಿಡಿದಿದ್ದಾರೆಯೇ? ಬಾಗಿಲಿಗೆ ಅಡ್ಡ ನಿಂತಿದ್ದಾರೆಯೇ? ಫೋನು ಕಿತ್ತುಕೊಂಡಿದ್ದಾರೆಯೇ? ಕುತ್ತಿಗೆ, ಬಾಯಿ, ಮೂಗನ್ನು ಒತ್ತಿ ಹಿಡಿದಿದ್ದಾರೆಯೇ? ನೀವು ಬೇಡ ಎಂದಾಗಲೂ ಬಲವಂತ ಮಾಡಿದ್ದಾರೆಯೇ? ಕುತ್ತಿಗೆಯ ಪ್ರಶ್ನೆಗೆ ಅವರು ತಡೆದರು.

‘ಅವರು ಹೊಡೆದಿಲ್ಲ ಮೇಡಂ. ಕುತ್ತಿಗೆಗೆ ಕೈ ಹಾಕಿದ್ದು ಅಷ್ಟೇ.’

ನಡೆದು ಒಂಬತ್ತು ದಿನವಾಗಿತ್ತು. ಎರಡೂ ಕೈ, ಎದುರಿನಿಂದ, ಗೋಡೆಗೆ ಒತ್ತಿ. ಎಷ್ಟು ಹೊತ್ತು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಆಗ ಏನು ಕಂಡಿತು, ಏನು ಕೇಳಿಸಿತು, ಆಮೇಲೆ ನೆನಪಿರುವ ಮೊದಲ ವಿಷಯ ಯಾವುದು ಎಂದು ಕೇಳಬೇಕು. ಕಿವಿ ಗುಂಯ್ ಎಂದಿತು, ಕಣ್ಣಿಗೆ ಸುತ್ತಲಿಂದ ಕತ್ತಲೆ ಕವಿಯಿತು ಎಂದರು. ‘ಆಮೇಲೆ ನೆಲದ ಮೇಲೆ ಕೂತಿದ್ದೆ.’ ಗೋಡೆಯಿಂದ ನೆಲಕ್ಕೆ ಹೇಗೆ ಬಂದರು ಎಂಬುದು ನೆನಪಿಲ್ಲ.

ಬಟ್ಟೆ ಒದ್ದೆಯಾಗಿತ್ತೇ ಎಂದು ಕೇಳಿದೆ.

ಅಲ್ಲಿಯವರೆಗೆ ಯಾರದೋ ಕಥೆ ಎಂಬಂತೆ ಹೇಳುತ್ತಿದ್ದವರು ಅತ್ತರು. ಅದೊಂದನ್ನು ಯಾರಿಗೂ ಹೇಳಿರಲಿಲ್ಲವಂತೆ. ‘ಅಷ್ಟು ಹೆದರುಪುಕ್ಕಲಿ ನಾನು. ಮಗು ಏಳುವ ಮೊದಲು ನೆಲ ಒರೆಸಿದೆ.’ ಅದು ಹೆದರಿಕೆಯಿಂದ ಆದದ್ದಲ್ಲ, ಕುತ್ತಿಗೆ ಹಿಸುಕಿದಾಗ ಮಿದುಳಿಗೆ ರಕ್ತ ನಿಂತು ಪ್ರಜ್ಞೆ ತಪ್ಪಿದರೆ ಮೈಯ ಹಿಡಿತ ತಪ್ಪಿ ಮೂತ್ರ ಹೋಗಬಹುದು ಎಂದು ಹೇಳಿದೆ. ನೆನಪಿನ ಆ ತುಂಡು ಕಾಣೆಯಾಗಿರುವುದೂ ಅದರಿಂದಲೇ. ಅವರು ಆ ಹೊತ್ತು ಸಾವಿನ ತೀರಾ ಹತ್ತಿರ ಹೋಗಿ ಬಂದಿದ್ದರು. ಇದನ್ನೂ ಹೇಳಿದೆ, ಮೆದುಗೊಳಿಸದೆ.

‘ಆದರೆ ಉಸಿರಾಡಲು ಆಗುತ್ತಿತ್ತಲ್ಲ?’ ಎಂದು ಕೇಳಿದರು. ಇದನ್ನು ಎಲ್ಲರೂ ತಿಳಿದಿರಬೇಕು. ಪ್ರಜ್ಞೆ ತಪ್ಪಲು ಉಸಿರು ಕಟ್ಟಬೇಕೆಂದಿಲ್ಲ. ಶ್ವಾಸನಾಳ ಗಟ್ಟಿ, ಅದನ್ನು ಮುಚ್ಚಲು ಹೆಚ್ಚು ಒತ್ತಡ ಬೇಕು. ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳು ಅದಕ್ಕಿಂತ ಎಷ್ಟೋ ಕಡಿಮೆ ಒತ್ತಡಕ್ಕೆ ಮುಚ್ಚಿಕೊಳ್ಳುತ್ತವೆ. ಹಾಗಾದಾಗ ಸುಮಾರು 10 ಸೆಕೆಂಡಿನೊಳಗೆ ಪ್ರಜ್ಞೆ ಹೋಗಬಹುದು. ಹೊರಗೆ ಗುರುತು ಉಳಿಯದೆಯೂ ಇರಬಹುದು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 300 ಇಂಥ ಪೊಲೀಸ್ ಪ್ರಕರಣಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಹೆಂಗಸರ ಮೈಮೇಲೆ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ‘ಏನೂ ಆಗಿಲ್ಲವಲ್ಲ’ ಎಂದು ಮನೆಯವರೂ ಠಾಣೆಯವರೂ ಕಳಿಸಿಬಿಡುವುದು ಇದರಿಂದಲೇ.

ನಿದ್ದೆಯ ಮಾತನ್ನು ಅಂದು ಪಕ್ಕಕ್ಕಿಟ್ಟೆವು. ಮೊದಲ ಸಲಹೆ: ಈ ಹೊತ್ತೇ ಆಸ್ಪತ್ರೆ. ಒಂಬತ್ತು ದಿನವಾದರೂ ಸರಿ. ಒತ್ತಡಕ್ಕೆ, ಕುತ್ತಿಗೆಯ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳದ ಒಳಪದರ ಹರಿದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಿನಗಳ ನಂತರ, ವಾರಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು. ಧ್ವನಿ ಕೂತಿರುವುದು, ನುಂಗಲು ತೊಂದರೆ, ಉಸಿರಿನ ತೊಂದರೆ, ಬಿಡದ ತಲೆನೋವು, ಒಂದು ರೆಪ್ಪೆ ಜೋತುಬೀಳುವುದು, ಒಂದು ಬದಿಯ ಕೈಕಾಲಿನಲ್ಲಿ ಶಕ್ತಿಯಿಲ್ಲದಿರುವುದು, ಕಣ್ಣಿನ ಬಿಳಿಭಾಗದಲ್ಲೋ ಕಿವಿಯ ಹಿಂದೆಯೋ ಕೆಂಪು ಚುಕ್ಕೆಗಳು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಗರ್ಭಿಣಿಯಾಗಿದ್ದರೆ ಮಗುವನ್ನೂ ಪರೀಕ್ಷಿಸಬೇಕು. ವೈದ್ಯರ ಮುಂದೆ ‘ಗಂಟಲು ನೋವು’ ಎಂದರೆ ಮಾತ್ರೆ ಬರೆದು ಕಳಿಸುತ್ತಾರೆ. ‘ಕುತ್ತಿಗೆ ಹಿಸುಕಿದರು, ಪ್ರಜ್ಞೆ ತಪ್ಪಿತು, ಮೂತ್ರ ಹೋಯಿತು’ ಎಂದೇ ಹೇಳಬೇಕು. ಕುತ್ತಿಗೆಯ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರು ಯೋಚಿಸುವುದು ಆಗ. ಆ ವಾಕ್ಯವನ್ನು ಅವರು ಚೀಟಿಯಲ್ಲಿ ಬರೆದುಕೊಂಡರು. ಸ್ಕ್ಯಾನಿನಲ್ಲಿ ರಕ್ತನಾಳಗಳಿಗೆ ಹಾನಿ ಕಾಣಲಿಲ್ಲ. ಧ್ವನಿ ಮಾತ್ರ ಇನ್ನೂ ಒರಟಾಗಿತ್ತು.

ಎರಡನೆಯದು, ಜಂಟಿ ಭೇಟಿ ಇಲ್ಲ. ಗಂಡನನ್ನು ಕರೆಸಿ ಎದುರುಬದುರು ಕೂರಿಸಲು ನಾನು ಒಪ್ಪಲಿಲ್ಲ. ಈ ನಿರ್ಧಾರಕ್ಕೆ ಆಮೇಲೆ ಅವರ ಕುಟುಂಬದ ಹಿರಿಯರೊಬ್ಬರಿಂದ ‘ಸಂಸಾರ ಒಡೆಯುವ ಸಲಹೆ’ ಎಂಬ ಮಾತೂ ಬಂತು. ಇಬ್ಬರ ಮಾತನ್ನೂ ಕೇಳುವುದು ನ್ಯಾಯವಲ್ಲವೇ ಎಂಬ ಅವರ ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಒಬ್ಬರಿಗೆ ಇನ್ನೊಬ್ಬರ ಕೈಯಿಂದ ಜೀವಭಯವಿರುವಾಗ ಇಬ್ಬರೂ ಕೂತ ಕೋಣೆಯಲ್ಲಿ ನಿಜ ಹೊರಬರುವುದಿಲ್ಲ. ಬಂದರೆ ಅದರ ಬೆಲೆಯನ್ನು ಆಕೆ ಮನೆಗೆ ಹೋದ ಮೇಲೆ ತೆರುತ್ತಾಳೆ. ಇದನ್ನು ‘ಕೋಪ’ ಎಂದು ಕರೆಯುವುದೂ ನನಗೆ ಒಪ್ಪಿಗೆಯಿಲ್ಲ. ಆ ದಿನ ಕುತ್ತಿಗೆಗೆ ಕೈ ಹಾಕುವ ಮೊದಲು ಆತ ಕಿಟಕಿ ಮುಚ್ಚಿ ಟಿವಿಯ ಸದ್ದು ಏರಿಸಿದ್ದ. ಹಿಡಿತ ತಪ್ಪಿದವನು ಕಿಟಕಿ ಮುಚ್ಚುವುದಿಲ್ಲ.

ಮೂರನೆಯದು ಅಪಾಯದ ಅಳತೆ. ಇದಕ್ಕೊಂದು ಸಾಧನವಿದೆ: ನರ್ಸಿಂಗ್ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿ, ಮುಂದೆ ಪರಿಷ್ಕರಿಸಿದ ‘ಡೇಂಜರ್ ಅಸೆಸ್‌ಮೆಂಟ್’, ಹೌದು–ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳು. ಪ್ರಶ್ನೆಗಳಿಗೆ ಮೊದಲು ಕ್ಯಾಲೆಂಡರ್ ತೆಗೆದು ಕಳೆದ ಒಂದು ವರ್ಷದ ಘಟನೆಗಳನ್ನು ದಿನಾಂಕಕ್ಕೆ ಗುರುತು ಹಾಕಿಸಬೇಕು. ನನ್ನ ಮಟ್ಟಿಗೆ ಇಡೀ ಸಾಧನದಲ್ಲಿ ಹೆಚ್ಚು ಕೆಲಸ ಮಾಡುವುದು ಈ ಭಾಗವೇ. ‘ಯಾವಾಗಲೋ ಒಂದೊಂದು ಸಲ’ ಎಂದು ಬಂದವರು ಪೆನ್ನು ಇಟ್ಟಾಗ ಹನ್ನೊಂದು ಗುರುತುಗಳಿದ್ದವು, ಅದರಲ್ಲಿ ಏಳು ಕೊನೆಯ ಮೂರು ತಿಂಗಳಿನವು. ಪ್ರಶ್ನೆಗಳ ಪಟ್ಟಿಯಲ್ಲಿ ಕುತ್ತಿಗೆ ಹಿಸುಕಿದ್ದರ ಜೊತೆಗೆ ಬಲವಂತದ ಲೈಂಗಿಕ ಸಂಪರ್ಕ, ಕೊಲ್ಲುವ ಬೆದರಿಕೆ, ಹಿಂಬಾಲಿಸುವುದು, ಅತಿಯಾದ ಸಂಶಯ ಕೂಡ ಇವೆ. ಜಗಳವಾದ ರಾತ್ರಿಗಳಲ್ಲಿ ‘ರಾಜಿ’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದುದಕ್ಕೆ ಬೇಡ ಎನ್ನುವ ಧೈರ್ಯ ತಮಗಿರಲಿಲ್ಲ ಎಂದು ಅವರು ಅಂದು ಮೊದಲ ಸಲ ಹೇಳಿದರು. ಹೆದರಿ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ ಎಂದು ನಾನು ಎರಡು ಸಲ ಹೇಳಬೇಕಾಯಿತು.

2008ರಲ್ಲಿ ನ್ಯಾನ್ಸಿ ಗ್ಲಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಗಾತಿ ಹಿಂದೊಮ್ಮೆ ಕುತ್ತಿಗೆ ಹಿಸುಕಿದ್ದರೆ ಮುಂದೆ ಆತನಿಂದ ಕೊಲೆಯಾಗುವ ಸಂಭವ 7 ಪಟ್ಟಿಗೂ ಹೆಚ್ಚು. ಇದನ್ನು ಹೇಳಿ ಹೆದರಿಸಬೇಕಿತ್ತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಆಕೆ ಹೆದರಿಕೆಯಲ್ಲೇ ಬದುಕುತ್ತಿದ್ದರು. ಹೆದರಿಕೆಗೆ ಕಾರಣವಿದೆ ಎಂಬುದಷ್ಟೇ ತಿಳಿದಿರಲಿಲ್ಲ.

ಹಾಗೆಂದು ‘ಇವತ್ತೇ ಮನೆ ಬಿಡಿ’ ಎಂದೂ ನಾನು ಹೇಳಲಿಲ್ಲ. ಬಿಟ್ಟು ಹೊರಡುವ ಹೊತ್ತು ಮತ್ತು ಅದರ ಮುಂದಿನ ಕೆಲವು ತಿಂಗಳುಗಳೇ ಅತಿ ಹೆಚ್ಚು ಅಪಾಯದವು. ‘ಹೋಗುತ್ತೇನೆ’ ಎಂದು ಜಗಳದ ನಡುವೆ ಘೋಷಿಸುವುದು ಮಾಡಲೇಬಾರದ ಕೆಲಸ. ನಾವು ಕೂತು ಮಾಡಿಕೊಂಡ ಯೋಜನೆ ಹೀಗಿತ್ತು. ಮಾತು ಏರುತ್ತಿದ್ದಂತೆ ಅಡುಗೆಮನೆ, ಬಚ್ಚಲುಮನೆಯಿಂದ ಹೊರಬರುವುದು: ಒಂದರಲ್ಲಿ ಚಾಕು, ಇನ್ನೊಂದರಲ್ಲಿ ಗಟ್ಟಿ ನೆಲ, ಎರಡರಲ್ಲೂ ತಪ್ಪಿಸಿಕೊಳ್ಳಲು ಜಾಗವಿಲ್ಲ. ನಂಬಿಕೆಯ ಒಬ್ಬ ಗೆಳತಿಗೆ ಒಂದು ಸಂಕೇತದ ಮಾತು; ಅದು ಕೇಳಿದರೆ ಆಕೆ ಮರುಪ್ರಶ್ನೆ ಹಾಕದೆ ಪೊಲೀಸರಿಗೆ ಫೋನ್ ಮಾಡಬೇಕು. ಗುರುತಿನ ಚೀಟಿ, ಮಗುವಿನ ಜನನ ಪ್ರಮಾಣಪತ್ರ, ಬ್ಯಾಂಕಿನ ಕಾಗದ, ಆಸ್ಪತ್ರೆಯ ವರದಿ, ಇವುಗಳ ಪ್ರತಿ ಮನೆಯಿಂದ ಹೊರಗೆ. ಔಷಧಿ, ಒಂದು ಜೊತೆ ಬೀಗದ ಕೈ, ಸ್ವಲ್ಪ ನಗದು ಕೂಡ. ಮುಂದೆ ಗಾಯವಾದರೆ ಅದೇ ದಿನವೂ ಮರುದಿನವೂ ಅದರ ಮರುದಿನವೂ ಫೋಟೋ, ಏಕೆಂದರೆ ಕಂದಿದ ಗುರುತು ತಡವಾಗಿ ಮೇಲೇಳುತ್ತದೆ. ಆ ಹೊತ್ತಿನ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಸಾಕ್ಷ್ಯ ಹಾಳಾಗುತ್ತದೆ. ಮಗುವಿಗೆ ಹೇಳಿಕೊಟ್ಟದ್ದು ಎರಡೇ: ಬಿಡಿಸಲು ನಡುವೆ ಬರಬೇಡ, ಪಕ್ಕದ ಮನೆಗೆ ಓಡು.

ಫೋನಿನ ವಿಷಯದಲ್ಲಿ ಅವಸರ ಪಟ್ಟವರು ಸಿಕ್ಕಿಬೀಳುತ್ತಾರೆ. ಇವರ ಫೋನಿನಲ್ಲಿ ಸ್ಥಳ ತಿಳಿಸುವ ವ್ಯವಸ್ಥೆ ಗಂಡನ ಖಾತೆಗೆ ಜೋಡಣೆಯಾಗಿತ್ತು. ಅದನ್ನು ಅಳಿಸಬೇಡಿ ಎಂದೆ. ಏಕಾಏಕಿ ನಿಂತರೆ ಆತನಿಗೆ ಸುಳಿವು ಸಿಗುತ್ತದೆ. ಯೋಜನೆಯ ಕರೆಗಳಿಗೆಲ್ಲ ಕಚೇರಿಯ ಫೋನ್, ಅವರ ಸ್ವಂತ ಫೋನ್ ಎಂದಿನಂತೆ ಮೇಜಿನ ಮೇಲೆ.

ಐದು ವಾರ ಕಳೆದ ಮೇಲೆ, ಆತ ಊರಿನಲ್ಲಿಲ್ಲದ ಒಂದು ಬೆಳಿಗ್ಗೆ ಅವರು ಮಗುವಿನೊಂದಿಗೆ ಹೊರಟರು. ದಿನ ಆರಿಸಿದ್ದು ಅವರೇ. ನ್ಯಾಯಾಲಯದಿಂದ ರಕ್ಷಣಾ ಆದೇಶ ಸಿಕ್ಕಿದೆ. ತಂದೆ ಮಗುವನ್ನು ನೋಡುವ ಹಕ್ಕಿನ ವಿಚಾರಣೆ ಇನ್ನೂ ನಡೆಯುತ್ತಿದೆ. ಮಗುವನ್ನು ಒಪ್ಪಿಸುವ, ಕರೆತರುವ ಹೊತ್ತಿನಲ್ಲಿ ಇಬ್ಬರೂ ಮುಖಾಮುಖಿಯಾಗದಂತೆ ಮೂರನೆಯವರೊಬ್ಬರ ಮೂಲಕ, ಜನರಿರುವ ಜಾಗದಲ್ಲಿ, ಹದಿನೈದು ನಿಮಿಷದ ಅಂತರವಿಟ್ಟು ಅದನ್ನು ನಡೆಸಬೇಕೆಂದು ವಕೀಲರ ಮೂಲಕ ಕೇಳಿದ್ದೇವೆ.

ನಮ್ಮ ಫಾರಂ ಬದಲಾಗಿದೆ. ‘ದೈಹಿಕ ಹಿಂಸೆ ಇದೆಯೇ?’ ಎಂಬುದು ಈಗ ಅಲ್ಲಿಲ್ಲ. ಕುತ್ತಿಗೆಯ ಪ್ರಶ್ನೆ ಪ್ರತ್ಯೇಕವಾಗಿ, ಮೊದಲ ಪುಟದಲ್ಲೇ ಇದೆ. ಅದನ್ನು ಬರೆದು ತುಂಬಿಸುವುದಿಲ್ಲ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿ, ಬಾಯಿಬಿಟ್ಟು ಕೇಳುತ್ತೇವೆ.