ಪಾಸಾಗುವವರ ಲೆಕ್ಕ, ಪಾಠ ಮಾಡುವವರ ಸಂಬಳ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ನಮ್ಮ ಜಿಲ್ಲೆ, 2025ರಲ್ಲಿ ಪಕ್ಕದ ಕಲಬುರಗಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿದ್ದುದರಿಂದ ಶಾಲೆಗಳ ಮೇಲೆ ಒತ್ತಡ ಬಹಳವಿದೆ. ಪಾಸಿನ ಅಂಚಿನಲ್ಲಿರುವ ಮಕ್ಕಳಿಗೆ ಮಾತ್ರ ವಿಶೇಷ ತರಗತಿ ನಡೆಸೋಣ, ಓದಲೂ ತಡವರಿಸುವವರ ಮೇಲೆ ಸಮಯ ಕಳೆಯುವುದು ಬೇಡ, ಹೆಚ್ಚು ಮಂದಿಗೆ ಹೆಚ್ಚು ಹಿತವಾಗುವುದೇ ನ್ಯಾಯ ಎಂದು ಹಿರಿಯ ಶಿಕ್ಷಕರೊಬ್ಬರು ಹೇಳುತ್ತಾರೆ. ಇದು ಸರಿಯೆ? ಇನ್ನೊಂದು ಸಂಗತಿ: ಕಾಯಂ ಶಿಕ್ಷಕರು ಮಾಡುವ ಪಾಠವನ್ನೇ ಮಾಡಿದರೂ ನನಗೆ ಸಿಗುವುದು ಅವರ ಸಂಬಳದ ಚಿಕ್ಕ ಪಾಲು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ, ಯಾವ ಕೆಲಸದಿಂದ ಸಮಾಜಕ್ಕೆ ಎಷ್ಟು ಉಪಯೋಗವೋ ಅದಕ್ಕೆ ಅಷ್ಟು ಸಂಬಳ ಎನ್ನುತ್ತಾನೆ. ಒಪ್ಪಬೇಕೆ?

ಉತ್ತರ: ನಿಮ್ಮ ಹಿರಿಯ ಸಹೋದ್ಯೋಗಿ ಹೇಳುವ ತತ್ವಕ್ಕೆ ಉಪಯುಕ್ತತಾವಾದ ಎಂದು ಹೆಸರು, ಅದು ಇಂಗ್ಲೆಂಡಿನ ತತ್ವಜ್ಞಾನಿಗಳಾದ ಬೆಂಥಮ್ ಮತ್ತು ಮಿಲ್ ಅವರದು. 1789ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೆರೆಮಿ ಬೆಂಥಮ್ ಅದನ್ನು ವಿವರವಾಗಿ ಮಂಡಿಸಿದರು. ಜಾನ್ ಸ್ಟುವರ್ಟ್ ಮಿಲ್ ಅದನ್ನು ಇನ್ನಷ್ಟು ತಿದ್ದಿ ಬೆಳೆಸಿದರು. ಆದರೆ ಪ್ರತಿಯೊಬ್ಬರನ್ನೂ ಒಬ್ಬರೆಂದೇ ಎಣಿಸಬೇಕು, ಯಾರನ್ನೂ ಒಬ್ಬರಿಗಿಂತ ಹೆಚ್ಚೆಂದು ಎಣಿಸಬಾರದು ಎಂಬ ಮಾತನ್ನೂ ಮಿಲ್ ಬೆಂಥಮ್ ಹೆಸರಿನಲ್ಲಿಯೇ ಉಲ್ಲೇಖಿಸಿದ್ದಾರೆ. ಕೆಲವು ಮಕ್ಕಳನ್ನು ಲೆಕ್ಕದಿಂದಲೇ ಹೊರಗಿಟ್ಟು ಆ ತತ್ವದ ಹೆಸರು ಹೇಳುವುದು ತತ್ವಕ್ಕೇ ವಿರುದ್ಧವಾದುದು.

ಇಲ್ಲಿ ಎಣಿಕೆಯಾಗುತ್ತಿರುವುದು ಹಿತವಲ್ಲ, ಪಾಸಾದವರ ಸಂಖ್ಯೆ. ದಸರೆಯ ನಂತರ ಹತ್ತಿ ಬಿಡಿಸಲು ಹೋಗಿ, ಅಥವಾ ತಂದೆತಾಯಿಗಳ ಜೊತೆ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿ, ತಿಂಗಳುಗಟ್ಟಲೆ ಗೈರಾಗಿ ಮರಳಿದ ಹುಡುಗಿಯೊಬ್ಬಳನ್ನು ನೆನೆಯಿರಿ. ಒತ್ತಕ್ಷರ ಬಂದಲ್ಲೆಲ್ಲ ಅವಳ ಬೆರಳು ಸಾಲಿನ ಮೇಲೆ ನಿಂತುಬಿಡುತ್ತದೆ. ಅವಳು ಈ ವರ್ಷ ಪಾಸಾಗದೇ ಇರಬಹುದು. ಆದರೂ ದಿನಕ್ಕೊಂದು ಅವಧಿ ಅವಳ ಪಕ್ಕ ಕುಳಿತು ಓದಿಸಿದರೆ, ಮುಂದೆ ಅವಳು ಹೆಬ್ಬೆಟ್ಟು ಒತ್ತುವ ಮುನ್ನ ಕೂಲಿ ಪಟ್ಟಿಯನ್ನು ತಾನೇ ಓದಿಕೊಳ್ಳಬಲ್ಲಳು, ಮಗುವಿನ ಔಷಧಿಯ ಚೀಟಿ ನೋಡಿ ಅರ್ಥ ಮಾಡಿಕೊಳ್ಳಬಲ್ಲಳು. ಮೂವತ್ತು ಅಂಕವನ್ನು ನಲವತ್ತಕ್ಕೆ ಏರಿಸಿಕೊಂಡವನ ಲಾಭಕ್ಕಿಂತ ಇದು ಚಿಕ್ಕದೆಂದು ನಾನು ಒಪ್ಪಲಾರೆ. ಏನೂ ಇಲ್ಲದವರಿಗೆ ಸಿಗುವ ಅಲ್ಪವೇ ಹೆಚ್ಚು ಹಿತ ತರುತ್ತದೆ ಎಂಬುದು ಉಪಯುಕ್ತತಾವಾದದ ಒಳಗಿನಿಂದಲೇ ಹುಟ್ಟುವ ವಾದ.

ಹಾಗೆಂದು ಲೆಕ್ಕವು ಪ್ರತಿ ಸಲವೂ ದುರ್ಬಲರ ಪರವಾಗಿಯೇ ಬರುತ್ತದೆ ಎನ್ನಲಾಗದು. ಒಬ್ಬ ಶಿಕ್ಷಕರ ಇಡೀ ಸಮಯವನ್ನು ಬೇಡುವ ಅಂಗವಿಕಲ ಮಗುವಿನ ವಿಷಯದಲ್ಲಿ ಪ್ರಾಮಾಣಿಕವಾದ ಎಣಿಕೆಯೂ ‘ಬಿಟ್ಟುಬಿಡಿ’ ಎನ್ನಬಹುದು. ಅಲ್ಲಿ ಬೇಕಾಗುವುದು ಹಕ್ಕಿನ ಮಾತು. ಉಪಯುಕ್ತತಾವಾದವು ಒಬ್ಬ ವ್ಯಕ್ತಿ ಇನ್ನೊಬ್ಬರಿಂದ ಬೇರೆಯೇ ಎಂಬುದನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ ಎಂದು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಎತ್ತಿದ ಆಕ್ಷೇಪದ ತಿರುಳು ಇದೇ. ನಮ್ಮ ಸಂವಿಧಾನದ 21ಎ ವಿಧಿಯೂ ಹೇಳುವುದು ಎಲ್ಲ ಮಕ್ಕಳ ಶಿಕ್ಷಣದ ಬಗ್ಗೆ, ಬಹುಪಾಲು ಮಕ್ಕಳ ಬಗ್ಗೆ ಅಲ್ಲ. (ಅದರ ವ್ಯಾಪ್ತಿ 6ರಿಂದ 14 ವರ್ಷದವರೆಗೆ ಮಾತ್ರ, ಹತ್ತನೇ ತರಗತಿಯ ಹೆಚ್ಚಿನವರು ಅದನ್ನು ದಾಟಿರುತ್ತಾರೆ. ಆದರೆ ಓದು ಬಾರದೆಯೇ ಅವರು ಅಲ್ಲಿಯವರೆಗೆ ಬಂದದ್ದು ಆ ವಯಸ್ಸಿನೊಳಗೇ ತಾನೆ?)

ಸಹೋದ್ಯೋಗಿಗೆ ಇನ್ನೊಂದು ಮಾತನ್ನೂ ನೆನಪಿಸಿರಿ. ರಾಜ್ಯದ ಸರಾಸರಿಯನ್ನಷ್ಟೇ ನೋಡುತ್ತ ಹೋದರೆ ಬೀದರ್, ಕಲಬುರಗಿ, ಯಾದಗಿರಿಗಳ ಹಿಂದುಳಿದಿರುವಿಕೆ ಕಾಣುವುದೇ ಇಲ್ಲ ಎಂಬುದೇ ನಮ್ಮ ಭಾಗದವರು ದಶಕಗಳ ಕಾಲ ಹೇಳಿದ ದೂರು. 2002ರ ನಂಜುಂಡಪ್ಪ ಸಮಿತಿಯ ವರದಿ ತಾಲ್ಲೂಕುವಾರು ಅಸಮಾನತೆಯನ್ನು ಎತ್ತಿ ತೋರಿಸಿತು. ಮುಂದೆ ಸಂವಿಧಾನದ 98ನೇ ತಿದ್ದುಪಡಿಯಿಂದ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದಿತು. ಸರಾಸರಿಯಲ್ಲಿ ನಮ್ಮನ್ನು ಮರೆಯಬೇಡಿ ಎಂದು ಹೋರಾಡಿ ಪಡೆದವರು, ನಮ್ಮದೇ ಶಾಲೆಯ ಸರಾಸರಿಗಾಗಿ ಹಿಂದಿನ ಬೆಂಚನ್ನು ಮರೆಯುವುದು ಹೇಗೆ?

ಅಂಚಿನ ಮಕ್ಕಳಿಗೆ ವಿಶೇಷ ತರಗತಿ ನಡೆಯಲಿ, ತಪ್ಪಿಲ್ಲ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಉಳಿದವರಿಗೆ ಓದು ಬರಹ ಕಲಿಸಲಿ.

ಇನ್ನು ಸಂಬಳ. ನಿಮ್ಮ ತಮ್ಮ ಬೆಲೆಯನ್ನೂ ಉಪಯೋಗವನ್ನೂ ಒಂದೇ ಎಂದುಕೊಂಡಿದ್ದಾರೆ. ನೀರಿನಷ್ಟು ಉಪಯುಕ್ತವಾದುದಿಲ್ಲ, ಆದರೆ ಬೆಲೆ ಇರುವುದು ವಜ್ರಕ್ಕೆ ಎಂದು ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರಲ್ಲಿಯೇ ಬರೆದರು. ಅಹಿತಕರವಾದ ಕೆಲಸಕ್ಕೆ, ಕಲಿಯಲು ಹೆಚ್ಚು ಖರ್ಚಾಗುವ ಕೆಲಸಕ್ಕೆ ಕೂಲಿ ಹೆಚ್ಚಿರುತ್ತದೆ ಎಂದೂ ಅವರು ವಾದಿಸಿದರು. ಹಾಗಿದ್ದರೆ ಚರಂಡಿ, ಮಲಗುಂಡಿಗಳನ್ನು ಶುಚಿಮಾಡುವವರು ನಮ್ಮ ನಗರಗಳಲ್ಲಿ ಉತ್ತಮ ಸಂಬಳ ಪಡೆಯಬೇಕಿತ್ತು. ಹಾಗಾಗದಿರಲು ಕಾರಣ, ಬೇರೆ ಕೆಲಸದ ಬಾಗಿಲುಗಳನ್ನು ಜಾತಿ ಅವರಿಗೆ ಮುಚ್ಚಿಟ್ಟಿತ್ತು. ಬೇರೆ ದಾರಿಯಿಲ್ಲದವರಿಗೆ ಸಿಗುವ ಕೂಲಿ ಅವರ ಅಸಹಾಯಕತೆಯನ್ನು ತೋರಿಸುತ್ತದೆಯೇ ಹೊರತು ಅವರ ಕೆಲಸದ ಮೌಲ್ಯವನ್ನಲ್ಲ.

ಸಂಬಳದಲ್ಲಿ ವ್ಯತ್ಯಾಸವೇ ಕೂಡದೆಂದು ನಾನು ಹೇಳುವುದಿಲ್ಲ. ಹೆಚ್ಚು ಸಂಬಳ ಕೊಟ್ಟರೆ ಸುರಪುರದ ಆಸ್ಪತ್ರೆಗೆ ತಜ್ಞ ವೈದ್ಯರು ಬರುವಂತಿದ್ದರೆ ಕೊಡುವುದೇ ನ್ಯಾಯ, ಏಕೆಂದರೆ ಅದರಿಂದ ಬಡ ರೋಗಿಗೇ ಹಿತ. ನಿಮಗೂ ಕಾಯಂ ಶಿಕ್ಷಕರಿಗೂ ನಡುವಿನ ಅಂತರದಿಂದ ಅಂಥ ಯಾವ ಹಿತವೂ ಇಲ್ಲ. ಹೊಟ್ಟೆಪಾಡಿಗೆ ಸಾಲದ ಗೌರವಧನದಿಂದ ಅತಿಥಿ ಶಿಕ್ಷಕರು ವರ್ಷದ ನಡುವೆಯೇ ಬೇರೆ ಕೆಲಸ ಹಿಡಿದು ಹೋದರೆ, ನಷ್ಟವಾಗುವುದು ಮೇಲೆ ಹೇಳಿದ ಹುಡುಗಿಗೇ. ಬಸವಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದರು. ಅವರ ಆ ಮಾತನ್ನು ನಿಮಗೆ ಕಡಿಮೆ ಸಂಬಳ ಕೊಡಲು ನೆಪವಾಗಿ ಯಾರಾದರೂ ಬಳಸಿದರೆ ಒಪ್ಪಬೇಡಿ.

ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ಸಂವಿಧಾನದ 39(ಡಿ) ವಿಧಿಯ ನಿರ್ದೇಶಕ ತತ್ವ. 1982ರ ರಣಧೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬಲ ತುಂಬಿತು. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರು ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತಕ್ಕೆ ಅರ್ಹರೆಂದು ಹೇಳಿತು. ಇದು ನಿಮಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಕರ್ತವ್ಯ ಮತ್ತು ಹೊಣೆ ಒಂದೇ ಎಂಬುದನ್ನು ಕೇಳುವವರೇ ತೋರಿಸಬೇಕಾಗುತ್ತದೆ. ಆದ್ದರಿಂದ ನೀವು ತೆಗೆದುಕೊಂಡ ಅವಧಿಗಳು, ತಿದ್ದಿದ ಉತ್ತರ ಪತ್ರಿಕೆಗಳು, ನಿರ್ವಹಿಸಿದ ಇತರ ಕೆಲಸಗಳ ವಿವರವನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು, ಜಿಲ್ಲೆಯ ಇತರ ಅತಿಥಿ ಶಿಕ್ಷಕರ ಜೊತೆ ಸೇರಿ ಇಲಾಖೆಗೆ ಲಿಖಿತ ಮನವಿ ಕೊಡಿರಿ.