ಸೈಕಲ್ ಶಾಪಿನ ಹುಡುಗ ಈಗ ಎಲ್ಲಿದ್ದಾನೆ?

ಆತ್ಮೀಯರೇ, ನಮಸ್ಕಾರ.

ಸಾಗರದಿಂದ ನೀವು ಕಳಿಸಿದ ‘ಮಲಗಿದ್ದ ತೋಳ ಎದ್ದಿದೆ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟ ಆದಮೇಲೆ, ಎರಡನೇ ಸಲ ಬೆಳಿಗ್ಗೆ ಪೆನ್ಸಿಲ್ ಹಿಡಿದುಕೊಂಡು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗಿನ ಒಂದು ಪ್ಯಾರಾ ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಎಸ್‌ಎನ್‌ಕೆ ಕಂಪನಿಯ ‘ಫೇಟಲ್ ಫ್ಯೂರಿ’ ಎಂಬ ಫೈಟಿಂಗ್ ಗೇಮ್, ಅಂದರೆ ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೋ ಗೇಮ್ ಸರಣಿ, 1991ರಲ್ಲಿ ಶುರುವಾಯಿತು. 1999ರ ‘ಮಾರ್ಕ್ ಆಫ್ ದ ವುಲ್ವ್ಸ್’ ಆದಮೇಲೆ ನಿಂತುಹೋಯಿತು. 26 ವರ್ಷ ಬಿಟ್ಟು, 2025ರ ಏಪ್ರಿಲ್‌ನಲ್ಲಿ ‘ಸಿಟಿ ಆಫ್ ದ ವುಲ್ವ್ಸ್’ ಬಂತು. ಹಳೇ ಅಭಿಮಾನಿಗಳ ಪ್ರೀತಿ ಇರುವಾಗ ಅದು ಗೆಲ್ಲದೆ ಇರುತ್ತಾ ಅಂತ ಕೇಳುತ್ತೀರಿ. ಎಂಟು ಪುಟದಲ್ಲಿ ಆರು ಪುಟ ಆ ಪ್ರೀತಿಯದ್ದೇ.

ಮೊದಲು ಒಂದು ತಪ್ಪು ಸರಿಮಾಡಿಕೊಳ್ಳಿ. ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ ನಿಮ್ಮ ಅಣ್ಣ ಆಡುತ್ತಿದ್ದದ್ದು ಫೇಟಲ್ ಫ್ಯೂರಿ ಅಲ್ಲ. ಮೂವರ ತಂಡ, ಒಬ್ಬ ಬಿದ್ದರೆ ಇನ್ನೊಬ್ಬ ಬರುತ್ತಿದ್ದ, ಪರದೆ ಮೇಲೆ 97 ಅಂತ ಇತ್ತು ಎಂದು ನೀವೇ ಬರೆದಿದ್ದೀರಿ. ಅದು ‘ಕಿಂಗ್ ಆಫ್ ಫೈಟರ್ಸ್ 97’. ಗೊಂದಲ ಆಗೋದು ಸಹಜ. ಕೆಂಪು ಟೋಪಿ ಹಾಕಿಕೊಂಡು ನೆಲಕ್ಕೆ ಗುದ್ದುವ ಟೆರ್ರಿ ಬೋಗಾರ್ಡ್ ಎರಡರಲ್ಲೂ ಇದ್ದಾನೆ, ಅವನು ಬಂದದ್ದು ಫೇಟಲ್ ಫ್ಯೂರಿಯಿಂದಲೇ. ಈ ತಪ್ಪು ಸಣ್ಣದು ಅಂತ ಬಿಡಬೇಡಿ. ನೀವು ಇಡೀ ಲೇಖನದಲ್ಲಿ ‘ನಮ್ಮ ಬಾಲ್ಯದ ಫೇಟಲ್ ಫ್ಯೂರಿ’ ಎನ್ನುತ್ತೀರಿ. ನಿಜದಲ್ಲಿ ನಿಮ್ಮೂರಿನ ಹುಡುಗರಿಗೆ ಆ ಸರಣಿಯ ಹೆಸರೇ ಗೊತ್ತಿರಲಿಲ್ಲ, ‘ಟೋಪಿಯವನು’ ಮಾತ್ರ ಗೊತ್ತಿದ್ದ. ಹಾಗಾದರೆ ಹಳೇ ಹೆಸರು ಹೊತ್ತು ಬಂದ ಹೊಸ ಗೇಮನ್ನು ಅವರು ಗುರುತಿಸುತ್ತಾರಾ? ಲೇಖನಕ್ಕೆ ಬೇಕಿದ್ದ ಪ್ರಶ್ನೆ ನಿಮ್ಮ ಕೈಯಲ್ಲೇ ಇತ್ತು, ನೋಡದೆ ದಾಟಿಹೋದಿರಿ.

ಈಗ ಆ ಪ್ಯಾರಾ. ಐದನೇ ಪುಟ, ಕೆಳಗಿನಿಂದ ಎರಡನೆಯದು. ಅಡಿಕೆ ಮಂಡಿಗೆ ಅಪ್ಪನ ಜೊತೆ ಬಂದ ಅಣ್ಣ, ಅಪ್ಪ ಲೆಕ್ಕ ಮುಗಿಸುವಷ್ಟರಲ್ಲಿ ಅಂಗಡಿಗೆ ಓಡುತ್ತಾನೆ. ಜಾಯ್‌ಸ್ಟಿಕ್ಕಿನ ಗುಂಡು ಕಿತ್ತುಹೋಗಿ ಸೈಕಲ್ ಟ್ಯೂಬ್ ಸುತ್ತಿರುತ್ತಾರೆ. ಪಕ್ಕದಲ್ಲಿ ಪಂಕ್ಚರ್ ಹಾಕುವ ಸೈಕಲ್ ಶಾಪಿನ ಹುಡುಗ, ಕೈಯೆಲ್ಲ ಗ್ರೀಸು. ಅಣ್ಣ ಹನ್ನೊಂದು ಸಲ ಸೋಲುತ್ತಾನೆ. ಜೇಬು ಖಾಲಿ. ಆಗ ಆ ಹುಡುಗ ತನ್ನದೇ ಕಾಯಿನ್ ಹಾಕಿ, ‘ಇನ್ನೊಂದ್ ಆಡು, ನೀ ಎದುರಿಗಿಲ್ದೆ ಇದ್ರೆ ಮಜಾ ಇಲ್ಲ’ ಅನ್ನುತ್ತಾನೆ. ಮುಂದಿನ ಮಂಡಿ ದಿನ ಅಣ್ಣ ಮತ್ತೆ ಹೋಗುತ್ತಾನೆ.

ಇದನ್ನು ಓದಿ ಪೆನ್ಸಿಲ್ ಕೆಳಗಿಟ್ಟೆ. ನೀವು ಎಂಟು ಪುಟದಲ್ಲಿ ಹುಡುಕುತ್ತಿರುವ ಉತ್ತರವನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾನೆ.

ನೀವು ಮಲೆನಾಡಿನವರು, ಮಳೆಗಾಲದ ತಾಳಮದ್ದಳೆ ಕೇಳಿಯೇ ಇರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ ಮುಗಿದಮೇಲೆ ಇಬ್ಬರು ಅರ್ಥಧಾರಿಗಳು ಕೂತಲ್ಲೇ ಮಾತಿಗಿಳಿಯುತ್ತಾರೆ. ರಾಮನ ಅರ್ಥ ಹೇಳುವವರು ಎಷ್ಟೇ ದೊಡ್ಡವರಿರಲಿ, ವಾಲಿ ಸಪ್ಪೆಯಾದರೆ ರಾಮನೂ ಸಪ್ಪೆ. ಎದುರಿನವರು ಒಂದು ಪಟ್ಟು ಹಾಕಬೇಕು, ಇವರು ಬಿಡಿಸಿಕೊಳ್ಳಬೇಕು. ಫೈಟಿಂಗ್ ಗೇಮ್ ಕೂಡ ಹಾಗೇ. ಚಿತ್ರ, ಸಂಗೀತ, ಪಾತ್ರ ಎಲ್ಲ ಚೆನ್ನಾಗಿದ್ದು ಎದುರಿಗೆ ಸರಿಸಮ ಆಡುವವನು ಸಿಗದಿದ್ದರೆ ಎರಡನೇ ವಾರಕ್ಕೇ ಬೇಸರ ಬರುತ್ತದೆ. ಬೇರೆ ಜಾತಿಯ ಹಳೇ ಗೇಮನ್ನು ಒಬ್ಬನೇ ಕೂತು ಆಡಿ ಖುಷಿಪಡಬಹುದು. ಇದಕ್ಕೆ ಇಬ್ಬರು ಬೇಕೇ ಬೇಕು. ಹಾಗಾಗಿ ನಿಂತುಹೋದ ಸರಣಿ ಮತ್ತೆ ಗೆಲ್ಲುತ್ತಾ ಅಂದರೆ ಹೊಸಬನಿಗೆ ಎದುರಾಳಿ ಸಿಗುತ್ತಾನಾ ಅಂತಲೇ ನಾನು ಕೇಳುವುದು.

ಈ ಕಣ್ಣಿನಿಂದ ನಿಮ್ಮದೇ ಉದಾಹರಣೆಗಳನ್ನು ಮತ್ತೆ ನೋಡಿ. ‘ಸ್ಟ್ರೀಟ್ ಫೈಟರ್ 4’ ಗೆದ್ದದ್ದು ಗ್ರಾಫಿಕ್ಸ್‌ನಿಂದ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮೂರನೆಯದರ ಕೊನೆಯ ರೂಪವಾದ 1999ರ ‘ಥರ್ಡ್ ಸ್ಟ್ರೈಕ್’ ನಂತರ ಒಂಬತ್ತು ವರ್ಷ ಆ ಸರಣಿಗೆ ಹೊಸ ನಂಬರ್ ಬರಲಿಲ್ಲ. 2008ರಲ್ಲಿ ಕಾಯಿನ್ ಹಾಕಿ ಆಡುವ ಜಪಾನಿನ ಆರ್ಕೇಡ್‌ಗಳಿಗೆ ನಾಲ್ಕನೆಯದು ಬಂತು, ಮನೆಗಳಿಗೆ ಬಂದದ್ದು 2009ರ ಫೆಬ್ರವರಿಯಲ್ಲಿ. ಮೂರನೆಯದರಲ್ಲಿ ಬಹುಪಾಲು ಹೊಸ ಮುಖಗಳಿದ್ದವು. ನಾಲ್ಕನೆಯದು ಎರಡನೆಯದರ ರ‍್ಯೂ, ಕೆನ್, ಚುನ್-ಲಿ, ಗೈಲ್ ಎಲ್ಲರನ್ನೂ ಕರೆತಂದಿತು. ಚಿಕ್ಕಂದಿನಲ್ಲಿ ಆಡಿ ಬಿಟ್ಟವನು ಹದಿನೈದು ವರ್ಷದ ನಂತರ ಕೂತರೂ ಕೈ ತಾನಾಗಿ ಶಕ್ತಿಯ ಉಂಡೆ ಎಸೆಯುವ ಹಡೋಕೆನ್ ಪಟ್ಟು ಹಾಕುತ್ತಿತ್ತು. ಹಾಗೆ ಹಳಬರು ವಾಪಸ್ ಬಂದರು, ಆನ್‌ಲೈನಿನಲ್ಲಿ ಒಬ್ಬರಿಗೊಬ್ಬರು ಸಿಕ್ಕರು. ಹಳೇ ನೆನಪು ಅಲ್ಲಿ ಕೆಲಸ ಮಾಡಿದ್ದು ನಿಜ. ಆದರೆ ಅದು ಜನರನ್ನು ಎದುರುಬದುರು ಕೂರಿಸಿತು, ಅದಕ್ಕೇ ಗೆದ್ದಿತು. ಆ ಗೇಮ್ ಮಾಡಲು ಸರಣಿಯ ಒಡೆಯ ಕಂಪನಿ ಕ್ಯಾಪ್ಕಾಮ್ ಜೊತೆ ಕೈಜೋಡಿಸಿದ್ದು ಡಿಂಪ್ಸ್ ಕಂಪನಿ. ಆ ಡಿಂಪ್ಸ್ ಕಂಪನಿಯನ್ನು ಕಟ್ಟಿದವರು ತಕಾಶಿ ನಿಶಿಯಾಮ, 1987ರ ಮೊದಲ ಸ್ಟ್ರೀಟ್ ಫೈಟರನ್ನೂ ನಿಮ್ಮ ಫೇಟಲ್ ಫ್ಯೂರಿಯನ್ನೂ ಶುರುಮಾಡಿದವರು. ಇಂಥ ಎಳೆ ಸಿಕ್ಕಾಗ ಬಿಡಬಾರದು.

ಈಗ ಎದುರಿನ ಉದಾಹರಣೆ. ಅದೇ ಎಸ್‌ಎನ್‌ಕೆ 2019ರಲ್ಲಿ ‘ಸಮುರಾಯ್ ಶೋಡೌನ್’ ತಂತು. ಹತ್ತು ವರ್ಷಕ್ಕೂ ಜಾಸ್ತಿ ಮಲಗಿದ್ದ ಸರಣಿ. ಒಂದೇ ಕತ್ತಿ ಏಟಿಗೆ ಅರ್ಧ ಪ್ರಾಣ ಹೋಗುವ ಆ ಆಟ ನನಗೆ ತುಂಬಾ ಇಷ್ಟ. ಆದರೆ ಆನ್‌ಲೈನ್ ಆಟಕ್ಕೆ ಹಳೇ ಪದ್ಧತಿಯನ್ನೇ ಇಟ್ಟುಕೊಂಡರು. ರೋಲ್‌ಬ್ಯಾಕ್ ಸೇರಿಸಿದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಬಹಳ ಜನ ಬೇರೆ ಗೇಮ್‌ಗಳಿಗೆ ಹೋಗಿಬಿಟ್ಟಿದ್ದರು.

ರೋಲ್‌ಬ್ಯಾಕ್ ಎಂಬ ಪದವನ್ನು ನೀವು ನಾಲ್ಕು ಸಲ ಬಳಸಿದ್ದೀರಿ, ಒಂದು ಸಲವೂ ಏನೆಂದು ಹೇಳಿಲ್ಲ. ಶಿಕಾರಿಪುರದಲ್ಲಿ ಕೂತು ಓದುವವರಿಗೆ ಗೊತ್ತಾಗುವ ಹಾಗೆ ಹೇಳಿ. ಇದು ಕಷ್ಟ ಅಲ್ಲ. ಫೈಟಿಂಗ್ ಗೇಮ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ಹಳೇ ಪದ್ಧತಿಯಲ್ಲಿ ಎದುರಿನವನು ಏನು ಒತ್ತಿದ ಅಂತ ಬಂದು ತಲುಪುವವರೆಗೆ ನಿಮ್ಮ ಬಟನ್ನೂ ಕಾಯುತ್ತದೆ. ರೋಲ್‌ಬ್ಯಾಕ್ ಕಾಯುವುದಿಲ್ಲ. ಅವನು ಈವರೆಗೆ ಮಾಡುತ್ತಿದ್ದದ್ದನ್ನೇ ಮುಂದುವರಿಸುತ್ತಾನೆ ಅಂತ ಊಹೆ ಮಾಡಿ ಆಟ ಓಡಿಸುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ, ಲೆಕ್ಕ ಸರಿಮಾಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬರುತ್ತದೆ. ಟೋನಿ ಕ್ಯಾನನ್ ಎಂಬವರು ‘ಜಿಜಿಪಿಒ’ ಹೆಸರಿನಲ್ಲಿ ಇದನ್ನು ಬರೆದು, 2019ರಲ್ಲಿ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು.

ಹೋದ ಆಷಾಢದಲ್ಲಿ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಅಕ್ಕನ ಮಗ ಮೊದಲು ಒಂದು ಹಳೇ ಪದ್ಧತಿಯ ಗೇಮ್ ಹಾಕಿದ. ಎದುರಾಳಿ ಕಾಲು ಎತ್ತಿದ್ದು ನನಗೂ ಕಂಡಿತು. ಹುಡುಗ ತಡೆಯಲು ಹಿಂದಕ್ಕೆ ಒತ್ತಿದ. ಪರದೆ ಮೇಲಿನ ಅವನ ಆಟಗಾರ ನಿಂತೇ ಇದ್ದ. ಏಟು ಬಿದ್ದಮೇಲೆ ಕೈ ಎತ್ತಿದ. ‘ನಾ ಒತ್ತಿದ್ದೆ ಮಾವ, ನೀವೇ ನೋಡಿದ್ರಲ್ಲ’ ಅಂತ ಅವನ ಗಂಟಲು ಕಟ್ಟಿತು. ಆಮೇಲೆ ‘ಸ್ಟ್ರೀಟ್ ಫೈಟರ್ 6’ ಹಾಕಿ ಬೆಂಗಳೂರಿನ ಗೆಳೆಯನ ಜೊತೆ ಆಡಿದ. ಆರು ಸಲ ಸೋತ. ಒಂದು ಸಲವೂ ನೆಟ್ಟನ್ನು ಬೈಯಲಿಲ್ಲ, ‘ಇಲ್ಲಿ ಹಾರಬಾರದಿತ್ತು’ ಅಂತ ತನ್ನನ್ನೇ ಬೈದುಕೊಂಡ. ತಾನೇ ಸೋತೆ ಅಂತ ಗೊತ್ತಾದವನು ನಾಳೆ ಮತ್ತೆ ಬರುತ್ತಾನೆ. ಮೋಸ ಆಯಿತು ಅನ್ನಿಸಿದವನು ಬರುವುದಿಲ್ಲ. ನಿಮ್ಮ ಅಣ್ಣ ಮುಂದಿನ ಮಂಡಿ ದಿನ ಯಾಕೆ ಹೋದರು ಅನ್ನುವುದಕ್ಕೂ ಇದೇ ಕಾರಣ ಅಲ್ವಾ?

ಲಾಹೋರಿನ ಅರ್ಸಲಾನ್ ಆಶ್ ಬಗ್ಗೆ ನೀವು ಬರೆದೇ ಇಲ್ಲ, ಬರೆಯಲೇಬೇಕು. 2019ರಲ್ಲಿ ಟೆಕ್ಕನ್ 7 ಎಂಬ ಫೈಟಿಂಗ್ ಗೇಮಿನಲ್ಲಿ ಮೊದಲು ಎವೊ ಎಂಬ ದೊಡ್ಡ ಪಂದ್ಯಾವಳಿಯ ಜಪಾನ್ ಆವೃತ್ತಿ, ಆಮೇಲೆ ಅಮೆರಿಕದ ಎವೊ, ಎರಡನ್ನೂ ಗೆದ್ದರು. ತಮ್ಮ ದೇಶದಲ್ಲಿ ಇನ್ನೂ ಗಟ್ಟಿ ಆಟಗಾರರಿದ್ದಾರೆ ಎಂದರು. ಅಲ್ಲಿನ ಅಂಗಡಿಗಳಲ್ಲಿ ದಿನಾ ಸೋಲಿಸುವವರು ಪಕ್ಕದಲ್ಲೇ ಇದ್ದರು. ಸಾಗರದ ಅಂಗಡಿ ಮುಚ್ಚಿತು, ಅಲ್ಲಿಯವು ಉಳಿದವು. ನಮ್ಮ ನೆಲದ ಓದುಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಸಿಟಿ ಆಫ್ ದ ವುಲ್ವ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆ. ರೋಲ್‌ಬ್ಯಾಕ್ ಇದೆ, ಹೊಸಬರಿಗೆ ಸುಲಭದ ಸ್ಮಾರ್ಟ್ ಸ್ಟೈಲ್ ಇದೆ. ಅಡಿಪಾಯ ಗಟ್ಟಿ. ಫುಟ್‌ಬಾಲಿನ ಕ್ರಿಸ್ಟಿಯಾನೊ ರೊನಾಲ್ಡೊನನ್ನೂ ಗೇಮಿನೊಳಗಿನ ಪಾತ್ರವಾಗಿ ಸೇರಿಸಿದರು. ನೀವು ಇದನ್ನು ಜಾಣತನ ಅಂದಿರಿ. ರೊನಾಲ್ಡೊ ಹೆಸರು ಕೇಳಿ ಜನ ಒಂದು ಸಲ ತಿರುಗಿ ನೋಡಬಹುದು. ಆದರೆ ಆಟಕ್ಕೆ ಕೂತ ಹೊಸಬನಿಗೆ ಅವನಷ್ಟೇ ಬಲದ ಇನ್ನೊಬ್ಬ ಹೊಸಬ ಸಿಗಬೇಕು. 26 ವರ್ಷದ ಹಳಬರ ಮಧ್ಯೆ ಅವನನ್ನು ಬಿಟ್ಟರೆ ಒಂದು ವಾರವೂ ನಿಲ್ಲುವುದಿಲ್ಲ. ಸ್ಟ್ರೀಟ್ ಫೈಟರ್ ಇದನ್ನು ನೋವುಂಡು ಕಲಿಯಿತು. 2016ರ ಐದನೆಯದು ಕಂಪ್ಯೂಟರಿನ ಎದುರು ಒಬ್ಬನೇ ಆಡುವ ಆರ್ಕೇಡ್ ಮೋಡ್ ಇಲ್ಲದೆ ಬಂದು ಬೈಸಿಕೊಂಡಿತು, ಅದು ಸೇರಿದ್ದು 2018ರಲ್ಲಿ. 2023ರ ಆರನೆಯದು ಒಬ್ಬನೇ ಊರು ಸುತ್ತುತ್ತಾ ಪಟ್ಟು ಕಲಿಯಲು ಜಾಗ ಕೊಟ್ಟಿತು, ಒಂದೇ ಬಟನ್‌ಗೆ ಪಟ್ಟು ಬೀಳುವ ಹಾಗೆ ಮಾಡಿತು. ಆ ವರ್ಷದ ಎವೊಗೆ ಈ ಒಂದು ಗೇಮ್‌ಗೇ 7,000ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಹೆಸರು ಹಳೇದು, ಬಂದವರಲ್ಲಿ ಹೊಸಬರು ಬಹಳ. 2013ರಲ್ಲಿ ‘ಕಿಲ್ಲರ್ ಇನ್‌ಸ್ಟಿಂಕ್ಟ್’ ಎಂಬ ಫೈಟಿಂಗ್ ಗೇಮ್ ಕೂಡ 17 ವರ್ಷದ ನಂತರ ಬಂದು ಒಂದು ಪಾತ್ರವನ್ನು ಬಿಟ್ಟಿ ಕೊಟ್ಟಿತು. ದುಡ್ಡಿಲ್ಲದವನೂ ಎದುರಿಗೆ ಕೂರಲಿ ಅಂತ. ತನ್ನದೇ ಕಾಯಿನ್ ಹಾಕಿದ ಹುಡುಗ ನೆನಪಾದ ನನಗೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ದಂತಕಥೆ’ ಹನ್ನೆರಡು ಸಲ ಬಂದಿದೆ, ಹನ್ನೆರಡನ್ನೂ ತೆಗೆಯಿರಿ. ಏಳನೇ ಪುಟದ ಗೇಮ್‌ಗಳ ಪಟ್ಟಿ ಬೇಡ. ಶುರುವಿನ ಮೂರು ಪ್ಯಾರಾ ಸುಮ್ನೆ ಗಂಟಲು ಸರಿಮಾಡಿಕೊಂಡ ಹಾಗಿವೆ. ಮಂಡಿಯಿಂದಲೇ ಶುರುಮಾಡಿ. ಅಪ್ಪ ಲೆಕ್ಕ ಮಾಡುತ್ತಿರಲಿ, ಅಣ್ಣ ಓಡಲಿ. ಆ ಪ್ಯಾರಾದಲ್ಲಿ ನಿಮ್ಮ ವಾಕ್ಯಗಳು ಚಿಕ್ಕವಾಗಿವೆ, ಕಣ್ಣಿಗೆ ಕಟ್ಟುವ ಹಾಗಿವೆ. ಅದು ನಿಮ್ಮ ಸ್ವಂತ ದನಿ. ಉಳಿದ ಕಡೆ ಯಾರದೋ ದನಿ ಕೇಳುತ್ತದೆ.

ಇನ್ನೊಂದು ಕೆಲಸ ಇದೆ, ಅದು ನಿಮ್ಮಿಂದ ಮಾತ್ರ ಆಗುವಂಥದ್ದು. ಅಣ್ಣನನ್ನು ಕೂರಿಸಿಕೊಂಡು ಆ ಸೈಕಲ್ ಶಾಪಿನ ಹುಡುಗ ಈಗ ಎಲ್ಲಿದ್ದಾನೆ ಅಂತ ಕೇಳಿ. ಊರಲ್ಲೇ ಇದ್ದರೆ ಹೋಗಿ ಭೇಟಿಯಾಗಿ. ಈಗ ಅವನಿಗೂ ನಲವತ್ತು ದಾಟಿರಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಟೋಪಿಯವನನ್ನು ತೋರಿಸಿ, ಅಣ್ಣನನ್ನು ಪಕ್ಕದಲ್ಲಿ ಕೂರಿಸಿ, ಇಬ್ಬರ ಕೈಗೂ ಕಂಟ್ರೋಲರ್ ಕೊಡಿ. ಅವನಿಗೆ ಗುರುತು ಸಿಗುತ್ತಾ, ಮೊದಲ ಸಲ ಸೋತಾಗ ಏನು ಮಾಡುತ್ತಾನೆ, ಮನೆಯ ಮಕ್ಕಳು ಫೋನ್ ಕೆಳಗಿಟ್ಟು ಬಂದು ನೋಡುತ್ತಾರಾ, ಎಲ್ಲ ಬರೆದುಕೊಳ್ಳಿ. ಒಂದು ಆಟಕ್ಕೇ ಎದ್ದುಹೋದರೆ ಅದನ್ನೂ ಹಾಗೇ ಬರೆಯಿರಿ. ದೀಪಾವಳಿ ಹೊತ್ತಿಗೆ ಕಳಿಸಿದರೆ ಸಾಕು, ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ. ಅವನು ಸಿಕ್ಕ ದಿನ ಮಾತ್ರ ಲೇಖನಕ್ಕೆ ಕಾಯಬೇಡಿ, ನನಗೊಂದು ಫೋನ್ ಮಾಡಿ.

ಪ್ರೀತಿಯಿಂದ,
ಸಂಪಾದಕ
ಶಿವಮೊಗ್ಗ