ಎಂಪಿವಿ ಜಾಸ್ತಿ ಅಂದರೆ ಕಾಯಿಲೆನಾ?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಎಂಪಿವಿ 12.1 ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಅಂತಿದೆ. ಪ್ಲೇಟ್‌ಲೆಟ್ 2.4 ಲಕ್ಷ. ಹೆದರಬೇಕಾ?

ಉತ್ತರ: ಇದೊಂದೇ ಅಂಕಿ ನೋಡಿ ಸುಮ್ನೆ ಗಾಬರಿಯಾಗಬೇಡಿ. ಎಂಪಿವಿ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ, ಫೆಮ್ಟೊಲೀಟರ್ ಎಂಬ ಅತಿ ಸಣ್ಣ ಅಳತೆಯ ಲೆಕ್ಕದಲ್ಲಿ. ಸುಮಾರು 7.5ರಿಂದ 11.5 ಮಾಮೂಲಿ, ಆದರೆ ಯಂತ್ರ ಬದಲಾದರೆ ಈ ಗಡಿಯೂ ಬದಲಾಗುತ್ತದೆ. ಮೂಳೆ ಮಜ್ಜೆಯಿಂದ ಹೊಸದಾಗಿ ಬಂದ ಪ್ಲೇಟ್‌ಲೆಟ್ ಸ್ವಲ್ಪ ದೊಡ್ಡದೇ ಇರುತ್ತದೆ, ಅಂಥವು ಹೆಚ್ಚಿದ್ದರೂ ಎಂಪಿವಿ ಏರುತ್ತದೆ. ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ: ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಪ್ಲೇಟ್‌ಲೆಟ್‌ಗಳು ಊದಿಕೊಳ್ಳುತ್ತವೆ, ಬೆಳಿಗ್ಗೆ ಮನೆಗೆ ಬಂದು ತೆಗೆದ ರಕ್ತವನ್ನು ಸಂಜೆ ಯಂತ್ರಕ್ಕೆ ಹಾಕಿದರೆ ಅಂಕಿ ಏರಬಹುದು, ಅಲ್ವಾ? ನಿಮ್ಮ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿದೆ (1.5ರಿಂದ 4.5 ಲಕ್ಷ). ಸಂಖ್ಯೆ ಇಳಿದರೆ, ಅಥವಾ ವಸಡಿನಲ್ಲಿ ರಕ್ತ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಕಂಡರೆ ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ.